ಹೊಸಕೋಟೆಯಿಂದ ವಾಪಸ್ಸು

ತಿರುಪತಿಗೆ ಅಂತ ಹೊರಟು ಹೊಸಕೋಟೆಯಿಂದ ವಾಪಸ್ ಬಂದವರು ನಾವು. ಯಾರಾದರೂ ಕೇಳಿದರೆ "ಕಾರು ಕೈ ಕೊಡ್ತು" ಅಂತ ಹೇಳಿಬಿಡ್ತೀನಿ. ಆಫೀಸಿನಲ್ಲೂ ಅದನ್ನೇ ಹೇಳಿದ್ದೆ. ಕಾರಿಗೆ ಏನೂ ಆಗಿರಲಿಲ್ಲ.

2023ರ ನವೆಂಬರ್. ಅದರ ಹಿಂದಿನ ವರ್ಷ ಮಗಳಿಗೆ ಡೆಂಗಿ ಬಂದಿತ್ತು. ಪ್ಲೇಟ್‌ಲೆಟ್ ಎಣಿಕೆ ದಿನಾ ಇಳೀತಿದ್ದಾಗ ಅಮ್ಮ ಊರಲ್ಲೇ ಕೂತು ಹರಕೆ ಹೊತ್ತಿದ್ದರು, ಮಗು ಹುಷಾರಾದರೆ ಮುಡಿ ಕೊಡಿಸ್ತೀನಿ ಅಂತ. ಅದಕ್ಕೇ ಅಪ್ಪ ಅಮ್ಮ ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ ಎರಡು ದಿನ ಮುಂಚೆ ಹಲಸೂರಿನ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. 300 ರೂಪಾಯಿಯ ವಿಶೇಷ ದರ್ಶನದ ಟಿಕೆಟ್ಟನ್ನು ತಿಂಗಳುಗಟ್ಟಲೆ ಮೊದಲೇ ಆನ್‌ಲೈನಲ್ಲಿ ಬಿಡ್ತಾರಲ್ಲ, ಅದನ್ನು ಎರಡು ಲ್ಯಾಪ್‌ಟಾಪು ಒಂದು ಮೊಬೈಲು ಇಟ್ಕೊಂಡು ಹಿಡಿದಿದ್ದೆ. ಮಧ್ಯಾಹ್ನದ ಸ್ಲಾಟು. ಸುಮಾರು ಇನ್ನೂರೈವತ್ತು ಕಿಲೋಮೀಟರ್ ದಾರಿ, ಮೇಲೆ ಘಾಟು, ಮುಡಿ ಕೊಡೋಕೆ ಬೇರೆ ಟೈಮ್ ಬೇಕು. ಬೆಳಗಿನ ಜಾವ ನಾಲ್ಕೂಕಾಲಿಗೆ ಹೊರಡೋದು, ಮುಳಬಾಗಿಲಿನಲ್ಲಿ ದೋಸೆ, ಹತ್ತೂಕಾಲಿಗೆ ತಿರುಪತಿ. ಇಷ್ಟನ್ನೂ ನಾನು ಒಂದು ಶೀಟಿನಲ್ಲಿ ಬರೆದು ಹೆಂಡತಿಗೆ ಕಳಿಸಿದ್ದೆ. ಅವಳು ನಕ್ಕಿದ್ದಳು. ನಗಲಿ ಬಿಡಿ, ಪ್ಲಾನ್ ಮಾಡೋದೇ ನನ್ನ ಹೊಟ್ಟೆಪಾಡು.

ನಾಲ್ಕೂಕಾಲಿಗೇ ಹೊರಟೆವು. ಇಂದಿರಾನಗರದ ಹಂಡ್ರೆಡ್ ಫೀಟ್ ರಸ್ತೆಯ ಸಿಗ್ನಲ್ಲು ಖಾಲಿ. ಹಗಲಲ್ಲಿ ಮುಕ್ಕಾಲು ಗಂಟೆ ತಿನ್ನೋ ಹಳೇ ಮದ್ರಾಸ್ ರಸ್ತೆ ಹತ್ತು ನಿಮಿಷಕ್ಕೆ ಮುಗೀತಾ ಬಂತು. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಮೆಟ್ರೊ ಶುರುವಾಗಿ ಆಗ ಒಂದು ತಿಂಗಳಾಗಿತ್ತು ಅಷ್ಟೆ. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಮೇಲಿನ ಕಂಬಗಳನ್ನೇ ನೋಡ್ತಾ ಬಂದರು. ಅಮ್ಮ, ಹೆಂಡತಿ, ಮಗಳು ಹಿಂದೆ. ಮಗಳಿಗೆ ನಿದ್ದೆ.

ಟಿನ್ ಫ್ಯಾಕ್ಟರಿ ಹತ್ತಿರ, ಕಾಮಗಾರಿಗೆ ಬ್ಯಾರಿಕೇಡ್ ಹಾಕಿ ರಸ್ತೆ ಕಿರಿದಾಗೋ ಕಡೆ, ಒಂದು ಬೈಕು ಅಡ್ಡ ಬಿದ್ದಿತ್ತು. ಹೆಡ್‌ಲೈಟು ಇನ್ನೂ ಉರೀತಿತ್ತು. ಪಕ್ಕದಲ್ಲಿ ಒಬ್ಬ ಹುಡುಗ ಮಗ್ಗುಲಾಗಿ ಬಿದ್ದಿದ್ದ. ಹೆಲ್ಮೆಟ್ಟು ಸ್ವಲ್ಪ ದೂರದಲ್ಲಿ. ಒಂದು ಕೈ ಅಲ್ಲಾಡ್ತಿತ್ತು. ಅದನ್ನು ನಾನು ನೋಡಿದೆ. ನೋಡಲಿಲ್ಲ ಅಂತ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೀನಿ, ಆದರೆ ನೋಡಿದೆ. ಮುಂದೆ ಒಂದು ಆಟೋ ನಿಂತಿತ್ತು, ಡ್ರೈವರ್ ಇಳಿದು ನಿಂತಿದ್ದ.

"ಯಾರೋ ಬಿದ್ದವ್ನೆ ಕಣೋ," ಅಂದರು ಅಪ್ಪ.

"ಆಟೋದವನು ಇದಾನಲ್ಲಪ್ಪ. ನೂರೆಂಟಕ್ಕೆ ಫೋನ್ ಮಾಡ್ತಾನೆ ಬಿಡು."

ಇಷ್ಟು ಹೇಳೋಷ್ಟರಲ್ಲಿ ನಾವು ತೂಗುಸೇತುವೆ ಹತ್ತಿದ್ದೆವು. ನನ್ನ ಮೊಬೈಲು ಎದುರಿಗೇ ಡ್ಯಾಶ್‌ಬೋರ್ಡ್ ಮೇಲಿತ್ತು. ತಲುಪುವ ಸಮಯ ಹತ್ತು ಗಂಟೆ ಎಂಟು ನಿಮಿಷ ಅಂತ ತೋರಿಸ್ತಿತ್ತು. ನೂರೆಂಟಕ್ಕೆ ನಾನೇ ಫೋನ್ ಮಾಡಬಹುದಿತ್ತಲ್ಲ ಅನ್ನೋದು ಆ ಕ್ಷಣಕ್ಕೆ ತಲೆಗೇ ಬರಲಿಲ್ಲ. ಶೀಟಿಗಿಂತ ಏಳು ನಿಮಿಷ ಮುಂದಿದ್ದೀವಿ ಅನ್ನೋದು ಮಾತ್ರ ಬಂತು.

ಅಪ್ಪ ಆಮೇಲೆ ಮಾತಾಡಲಿಲ್ಲ. ಭಟ್ಟರಹಳ್ಳಿ ಹೋಯ್ತು, ಬೂದಿಗೆರೆ ಕ್ರಾಸ್ ಹೋಯ್ತು. ಎದುರಿನಿಂದ ಕೋಲಾರದ ಕಡೆಯ ತರಕಾರಿ ಗಾಡಿಗಳು ಸಾಲಾಗಿ ಬರ್ತಿದ್ದವು. ಹೊಸಕೋಟೆ ಟೋಲ್‌ನಲ್ಲಿ ಫಾಸ್ಟ್ಯಾಗ್ ಓದಲಿಲ್ಲ. ಬ್ಯಾಲೆನ್ಸ್ ಇರಲಿಲ್ಲ, ನಾನೇ ರೀಚಾರ್ಜ್ ಮರೆತಿದ್ದೆ. ಅಷ್ಟು ದೊಡ್ಡ ಶೀಟ್ ಮಾಡಿದವನು ಅದೊಂದು ಸಾಲು ಬಿಟ್ಟಿದ್ದೆ! ಪಕ್ಕಕ್ಕೆ ಹಾಕಿ, ಆ್ಯಪ್ ತೆರೆದು, ಒಟಿಪಿ ಬರದೆ, ಮತ್ತೆ ಕಳಿಸಿ, ದುಡ್ಡು ಹಾಕಿ, ಅದು ಏರೋವರೆಗೆ ಕಾದು, ಒಟ್ಟು ಹತ್ತು ನಿಮಿಷ ಹೋಯ್ತು.

ಅಪ್ಪ ಕಿಟಕಿ ಆಚೆ ನೋಡ್ತಾನೇ ಹೇಳಿದರು: "ಇಲ್ಲಿ ನಿಲ್ಲಕ್ಕೆ ಟೈಮ್ ಐತೆ."

ನಾನು ಸುಮ್ಮನಿದ್ದೆ.

"ತಿರುಗ್ಸು ಗಾಡಿನ."

ಹೆಂಡತಿ ಹಿಂದಿನಿಂದ, "ಮಾವ, ಈಗ ಹೋದರೆ ಅಲ್ಲಿ ಯಾರೂ ಇರಲ್ಲ. ನಾನು ಆ್ಯಂಬುಲೆನ್ಸ್‌ಗೆ ಫೋನ್ ಮಾಡ್ತೀನಿ ಇರಿ," ಅಂದಳು. ಮಾಡಿದಳು. ಜಾಗ ಹೇಳಿದಳು. ಆ ಕಡೆಯ ಹುಡುಗಿ ಸರಿಯಾದ ಪ್ರಶ್ನೆಯನ್ನೇ ಕೇಳಿದಳು: "ನೀವು ಸ್ಥಳದಲ್ಲಿ ಇದ್ದೀರಾ ಮೇಡಂ?" ಹೆಂಡತಿ ನನ್ನ ಕಡೆ ನೋಡಿ, "ಇಲ್ಲ, ಹೊಸಕೋಟೆಯಲ್ಲಿದ್ದೀವಿ," ಅಂದಳು. ಆ ಕಡೆ ಒಂದು ಕ್ಷಣ ಮಾತಿಲ್ಲ.

ಗಾಡಿ ತಿರುಗಿಸಿದೆ.

ಅಲ್ಲಿಗೆ ಬರೋಷ್ಟರಲ್ಲಿ ಐದೂವರೆ. ಬೈಕನ್ನು ಯಾರೋ ಬ್ಯಾರಿಕೇಡ್‌ಗೆ ಒರಗಿಸಿದ್ದರು. ಒಡೆದ ಗಾಜು, ಒಂದು ಚಪ್ಪಲಿ. ಸೈಕಲ್ ಮೇಲೆ ಕ್ಯಾನ್ ಇಟ್ಕೊಂಡು ಟೀ ಮಾರೋನೊಬ್ಬ ಅಲ್ಲೇ ಇದ್ದ. ಅಪ್ಪ ಇಳಿದು ಹೋಗಿ ಕೇಳಿದರು.

"ಆಗ್ಲೇ ಕರ್ಕೊಂಡ್ ಹೋದ್ರು ಯಜಮಾನ್ರೆ, ಆಟೋದಾಗೆ. ಉಸಿರಿತ್ತು. ಒಬ್ಬನೇ ಎತ್ತಕ್ಕಾಗ್ಲಿಲ್ಲ ಅವನ ಕೈಲಿ. ಪೇಪರ್ ಹಾಕೋ ಹುಡುಗ ಬರೋಗಂಟ ನಿಂತಿದ್ದ. ಒಂದ್ ಹತ್ತು ನಿಮಿಷ."

ಯಾವ ಆಸ್ಪತ್ರೆ ಅಂತ ಅವನಿಗೆ ಗೊತ್ತಿರಲಿಲ್ಲ. ಅಪ್ಪ ಗಾಜಿನ ಚೂರುಗಳನ್ನು ಕಾಲಿನಿಂದ ರಸ್ತೆ ಬದಿಗೆ ತಳ್ಳಿದರು. ಚಪ್ಪಲಿ ಎತ್ತಿ ಬೈಕಿನ ಸೀಟಿನ ಮೇಲಿಟ್ಟರು. ಆಮೇಲೆ ಬಂದು ಕೂತು, "ಹತ್ರ ಯಾವ್ಯಾವ ಆಸ್ಪತ್ರೆ ಐತೆ?" ಅಂದರು.

ಹತ್ತಿರದ ಎರಡು ಆಸ್ಪತ್ರೆಗಳಲ್ಲಿ ಕೇಳಿದೆವು. ಹೆಸರೇನು? ಗೊತ್ತಿಲ್ಲ. ನಿಮಗೇನಾಗಬೇಕು? ಏನೂ ಆಗಬೇಕಿಲ್ಲ. ಹಾಗಾದರೆ ಹೇಳೋಕಾಗಲ್ಲ ಸರ್. ಅವರು ಹೇಳಿದ್ದು ಸರಿಯೇ. ಕೊನೆಗೆ ಅಪ್ಪ, "ಬೌರಿಂಗ್‌ಗೆ ಹೋಗೋಣ," ಅಂದರು. ಅಪ್ಪನಿಗೆ ಬೆಂಗಳೂರು ಅಂದರೆ ಬೌರಿಂಗ್ ಆಸ್ಪತ್ರೆ. ಅದರ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ.

1997ರಲ್ಲಿ ನನ್ನ ಚಿಕ್ಕಪ್ಪ ತೆಂಗಿನಮರದಿಂದ ಬಿದ್ದರು. ನಾನಾಗ ಒಂಬತ್ತು ವರ್ಷದವನು. ಕೊಬ್ಬರಿ ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಒಂದು ಲಾರಿಗೆ ಕೈ ಅಡ್ಡ ಹಾಕಿ, ಕ್ಯಾಬಿನ್ನಿನಲ್ಲಿ ಮಲಗಿಸಿಕೊಂಡು ಹೋದರು. ಆ ಡ್ರೈವರ್ ಲೋಡನ್ನೂ ಇಳಿಸದೆ ಸೀದಾ ಶಿವಾಜಿನಗರಕ್ಕೆ ತಂದು ಬಿಟ್ಟನಂತೆ. ದುಡ್ಡು ಕೊಡೋಕೆ ಹೋದರೆ ಬೈದನಂತೆ. ಅಪ್ಪ ಹದಿನೆಂಟು ದಿನ ಬೌರಿಂಗ್ ವರಾಂಡದಲ್ಲಿ ಮಲಗಿದರು. ರಸೆಲ್ ಮಾರ್ಕೆಟ್ ಹತ್ತಿರ ಊಟ, ಸೇಂಟ್ ಮೇರೀಸ್ ಚರ್ಚಿನ ಮುಂದೆ ದಿನಾ ಒಂದು ಮೇಣದ ಬತ್ತಿ. ಚಿಕ್ಕಪ್ಪ ಈಗಲೂ ಇದ್ದಾರೆ, ಸ್ವಲ್ಪ ಕುಂಟುತ್ತಾರೆ. ಲಾರಿ ಡ್ರೈವರ್ ಹೆಸರನ್ನು ಯಾರೂ ಕೇಳಲೇ ಇಲ್ಲ.

ಹಾಗಾದರೆ ಅಪ್ಪ ಆವತ್ತಿನ ಋಣ ತೀರಿಸೋಕೆ ಹೊರಟಿದ್ದರು, ಅಲ್ವಾ? ನಾನೂ ಹಾಗೇ ಅಂದುಕೊಂಡು ಒಂದು ಸಲ ಹೇಳಿದೆ. ಅಪ್ಪನಿಗೆ ಸಿಟ್ಟು ಬಂತು. "ಋಣಾನಾ? ಆ ಲಾರಿಯವ್ನಿಗೆ ನಾವು ಯಾವ ಋಣ ಕೊಟ್ಟಿದ್ವಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೌರಿಂಗ್‌ನಲ್ಲೂ ಗೊತ್ತಾಗಲಿಲ್ಲ. ಆ ರಾತ್ರಿ ಬಂದ ಅಪಘಾತದ ಕೇಸುಗಳಲ್ಲಿ ನಮ್ಮ ಹುಡುಗ ಯಾರು ಅಂತ ಹೇಳೋದು ಹೇಗೆ? ಏಳೂವರೆ ಆಗಿತ್ತು. ದರ್ಶನ ಹೋಯ್ತು ಅಂತ ಎಲ್ಲರಿಗೂ ಗೊತ್ತಿತ್ತು. ಮಗಳು ಎದ್ದು "ತಿರುಪತಿ ಬಂತಾ?" ಅಂದಳು. ಅಷ್ಟೊತ್ತೂ ಬಾಯಿ ಬಿಡದಿದ್ದ ಅಮ್ಮ ಆಗ ಮಾತಾಡಿದರು. "ನಿಲ್ಸೋ ಹೊತ್ನಲ್ಲಿ ನಿಲ್ಸಿದ್ರೆ ಎರಡೂ ಆಗೋದು ಕಣಪ್ಪ. ಈಗ ಅದೂ ಇಲ್ಲ, ಇದೂ ಇಲ್ಲ."

ಇಷ್ಟು ನಡೆದದ್ದು. ಆಮೇಲಿನದೆಲ್ಲ ತಲೆಯೊಳಗೆ ನಡೆದದ್ದು.

ಮೊದಲು ನಾನು ಹುಡುಕಿದ್ದು ತಪ್ಪಿಸಿಕೊಳ್ಳೋ ದಾರಿ. ಭಯ ಇತ್ತಲ್ಲ ಅಂದುಕೊಂಡೆ. ಬಿದ್ದ ಬೈಕಿನ ಪಕ್ಕ ಕಾರು ನಿಲ್ಲಿಸಿದರೆ ಗುದ್ದಿದವನೇ ಇವನು ಅಂತ ಜನ ಸೇರ್ತಾರೆ, ಪೊಲೀಸು, ಕೋರ್ಟು, ಆಸ್ಪತ್ರೆ ಬಿಲ್ಲು. ನೀವೂ ಇದನ್ನು ಯೋಚಿಸಿರ್ತೀರಿ. ಆದರೆ ಓದುತ್ತಾ ಹೋದರೆ ಈ ಭಯಕ್ಕೆ ಕಾನೂನಿನಲ್ಲಿ ಉತ್ತರ ಆಗಲೇ ಇದೆ. ಗಾಯಾಳುಗಳಿಗೆ ನೆರವಾಗುವವರನ್ನು ಕಾಪಾಡುವ ಕೇಂದ್ರದ ಮಾರ್ಗಸೂಚಿಗೆ 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಇದಕ್ಕಂತಲೇ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದೇ. 2016ರ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಅಂತ ಹೊಸ ಕಲಂ ಸೇರಿತು. ಸಹಾಯ ಮಾಡಿದವನು ಹೆಸರು ಹೇಳಲೇಬೇಕು ಅಂತಿಲ್ಲ, ಸಾಕ್ಷಿ ಹೇಳಲೇಬೇಕು ಅಂತಿಲ್ಲ. 2021ರಲ್ಲಿ, ಗಾಯಗೊಂಡವರನ್ನು ಸಕಾಲಕ್ಕೆ ಆಸ್ಪತ್ರೆಗೆ ಸೇರಿಸಿದವರಿಗೆ ಐದು ಸಾವಿರ ರೂಪಾಯಿ ಬಹುಮಾನವನ್ನು ಬೇರೆ ಕೇಂದ್ರ ಸರ್ಕಾರ ಘೋಷಿಸಿತ್ತು. ಇದನ್ನು ಅಪ್ಪನಿಗೆ ಹೇಳಿದಾಗ ನಕ್ಕರು: "ಐದ್ ಸಾವ್ರ ಕೊಡ್ತಾರೆ ಅಂತ ಗೊತ್ತಿದ್ರೆ ನಿಲ್ಲಿಸ್ತಿದ್ದೇನ್ಲಾ?"

ಇಲ್ಲ, ನಿಲ್ಲಿಸ್ತಿರಲಿಲ್ಲ. ಕಾನೂನಿನ ಭಯ ಆಮೇಲೆ ಹುಡುಕಿಕೊಂಡ ಕಾರಣ. ಆ ಹೊತ್ತಿನಲ್ಲಿ ಇದ್ದದ್ದು ಹತ್ತು ಗಂಟೆ ಎಂಟು ನಿಮಿಷ ಅನ್ನೋ ಅಂಕಿ ಒಂದೇ.

ಈ ಅಂಕಿಯ ಬಗ್ಗೆ ಅಮೆರಿಕದಲ್ಲಿ ಒಂದು ಪ್ರಯೋಗ ನಡೆದಿದೆ. ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗೋಕೆ ಓದುತ್ತಿದ್ದ ನಲವತ್ತು ಹುಡುಗರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡೋಕೆ ಕಳಿಸಿದರು. 1973ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಅರ್ಧ ಜನಕ್ಕೆ ಕೊಟ್ಟ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಒಳ್ಳೆಯ ಸಮಾರ್ಯದವನ ಕಥೆ. ದಾರಿಯಲ್ಲಿ ಬಾಗಿಲಿಗೆ ಒರಗಿ ಕುಸಿದು ಕೂತು ಕೆಮ್ಮುವ ಒಬ್ಬನನ್ನು ಇವರೇ ನಿಲ್ಲಿಸಿದ್ದರು. ಟೈಮ್ ಇದೆ ಅಂತ ಹೇಳಿ ಕಳಿಸಿದವರಲ್ಲಿ ನೂರಕ್ಕೆ ಅರವತ್ತಮೂರು ಜನ ಏನಾದರೂ ಸಹಾಯ ಮಾಡಿದರು. ಆಗಲೇ ತಡವಾಗಿದೆ ಅಂತ ಓಡಿಸಿದವರಲ್ಲಿ ನೂರಕ್ಕೆ ಹತ್ತು. ಯಾವ ಕಥೆ ಹೇಳೋಕೆ ಹೊರಟಿದ್ದರು ಅನ್ನೋದರಿಂದ ಹೆಚ್ಚು ವ್ಯತ್ಯಾಸ ಆಗಲಿಲ್ಲ.

ಇದನ್ನು ಓದಿದಾಗ ಮೊದಲು ಸಮಾಧಾನ ಆಯ್ತು. ನೋಡಿ, ನಾನು ಕೆಟ್ಟವನಲ್ಲ, ಅವಸರದಲ್ಲಿದ್ದೆ ಅಷ್ಟೆ. ಸ್ವಲ್ಪ ಹೊತ್ತಿನ ಮೇಲೆ ಆ ಸಮಾಧಾನವೇ ಮುಳ್ಳಾಯ್ತು. ಅವರ ಅವಸರವನ್ನು ಬೇರೆಯವರು ಹೊರಿಸಿದ್ದರು. ನನ್ನದನ್ನು ನಾನೇ ಕೂತು ಶೀಟಿನಲ್ಲಿ ತಯಾರು ಮಾಡಿದ್ದೆ, ಒಂದು ನಿಮಿಷವನ್ನೂ ಬಿಡದ ಹಾಗೆ. ಈ ಊರಿನಲ್ಲಿ ನಾವೆಲ್ಲ ಬದುಕೋದು ಹಾಗೇ ಅಲ್ಲವಾ? ಕ್ಯಾಲೆಂಡರಿನಲ್ಲಿ ಹೆಸರಿಲ್ಲದವನಿಗೆ ಜಾಗವೇ ಇರೋದಿಲ್ಲ.

ನಮ್ಮ ಟೀಮಿನಲ್ಲಿ ಮೊದಲು, ರಾತ್ರಿ ಸರ್ವರ್ ಬಿದ್ದರೆ ಹನ್ನೆರಡೂ ಜನರಿಗೆ ಅಲರ್ಟ್ ಹೋಗ್ತಿತ್ತು. ಹನ್ನೆರಡು ಜನರೂ ನೋಡ್ತಿದ್ದರು, ಯಾರೂ ಏಳ್ತಿರಲಿಲ್ಲ. ಬೇರೆಯವರು ನೋಡಿಕೊಳ್ತಾರೆ ಅಂತ. ಆಮೇಲೆ ಆನ್‌ಕಾಲ್ ಪಟ್ಟಿ ಬಂತು. ಈ ವಾರ ಇವನು, ಮುಂದಿನ ವಾರ ಅವಳು. ಅವತ್ತಿನಿಂದ ಸಮಸ್ಯೆ ಇಲ್ಲ. ಟಿನ್ ಫ್ಯಾಕ್ಟರಿಯಲ್ಲಿ ನಾನು ಆಟೋದವನನ್ನು ಆನ್‌ಕಾಲ್ ಮಾಡಿ ಹೋದೆ. ನಮ್ಮ ಕಾರಿನ ಲೈಟು ಕಂಡಾಗ ಅವನೂ, ಸದ್ಯ ಇನ್ನೊಬ್ಬ ಬಂದ ಅಂದುಕೊಂಡಿರಬೇಕು. ಇನ್ನೊಂದು ಕಡೆ ಹಿಡಿಯೋಕೆ ಒಬ್ಬ.

ಅಪ್ಪನ ಲೆಕ್ಕದಲ್ಲಿ ಆನ್‌ಕಾಲ್ ಪಟ್ಟಿ ಬೇಕಾಗಿಲ್ಲ. "ಕಂಡೋನು" ಅನ್ನೋದೇ ಅವರ ಪಟ್ಟಿ. ಯಾರು ಕಂಡರೋ ಅವರದು. ಮುಗೀತು.

ಇಲ್ಲಿ ಹಳ್ಳಿ ಒಳ್ಳೆಯದು, ಸಿಟಿ ಕೆಟ್ಟದ್ದು ಅಂತ ಬರೆದುಬಿಡೋದು ಸುಲಭ. ನಾನು ಅಲ್ಲಿ ಹುಟ್ಟಿದವನಾದ್ದರಿಂದ ಹಾಗೆ ಬರೆಯೋಕಾಗಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ, ಜಾತ್ರೆಯ ದಿನ ಕಾಲೋನಿಯವರೊಬ್ಬರು ಅರಳಿಕಟ್ಟೆ ಹತ್ತಿರ ಫಿಟ್ಸ್ ಬಂದು ಬಿದ್ದರು. ಸುತ್ತ ಐವತ್ತು ಜನ. ಎಲ್ಲರೂ ಕಂಡೋರೇ. ಆದರೆ ಮುಟ್ಟೋರು ಯಾರು, ನೀರು ಯಾರ ಚೊಂಬಿನಲ್ಲಿ ಅನ್ನೋ ಲೆಕ್ಕದಲ್ಲಿ, ಕಾಲೋನಿಯಿಂದ ಅವರ ಕಡೆಯವರು ಓಡಿ ಬರೋವರೆಗೆ ಜನ ನಿಂತೇ ಇದ್ದರು. ಅಪ್ಪನೂ ಆ ಗುಂಪಿನಲ್ಲಿದ್ದರು. ಅದು ನನಗೆ ನೆನಪಿದೆ ಅಂತ ಅಪ್ಪನಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಗೊತ್ತಿರಬಹುದು ಅಂತ ಈಗ ಅನಿಸ್ತಿದೆ. ಹೊಸಕೋಟೆಯಲ್ಲಿ "ತಿರುಗ್ಸು" ಅಂದ ದನಿಯಲ್ಲಿ ನನ್ನ ಮೇಲಿನ ಸಿಟ್ಟಿಗಿಂತ ಬೇರೆ ಏನೋ ಇತ್ತು.

ಟಿನ್ ಫ್ಯಾಕ್ಟರಿಯ ಆಟೋದವನು ಮಾತ್ರ ಬಿದ್ದವನ ಹೆಸರು, ಊರು, ಕುಲ ಯಾವುದನ್ನೂ ಕೇಳಲಿಲ್ಲ. ಅವನೂ ಸಿಟಿಯವನೇ.

ನಮ್ಮ ಪಕ್ಕದ ಗುಬ್ಬಿ ತಾಲೂಕಿನ ಹರೀಶ್ ಅನ್ನೋ ಹುಡುಗನನ್ನು ನೀವು ಮರೆತಿರಲಾರಿರಿ. 2016ರ ಫೆಬ್ರವರಿಯಲ್ಲಿ ಊರಿಗೆ ಹೋಗಿ ಬೈಕಿನಲ್ಲಿ ಬೆಂಗಳೂರಿಗೆ ವಾಪಸ್ ಬರುವಾಗ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿದ. ದೇಹ ಎರಡಾಗಿತ್ತು. ಆ ಸ್ಥಿತಿಯಲ್ಲೂ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡ. ಕಣ್ಣುಗಳು ದಾನವಾದವು. ಅವನ ಹೆಸರಿನಲ್ಲೇ ಸರ್ಕಾರ ಸಾಂತ್ವನ ಯೋಜನೆ ತಂದಿತು, ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ. ಸುತ್ತ ನಿಂತವರು ವಿಡಿಯೊ ಮಾಡ್ತಿದ್ದರು ಅನ್ನೋ ಸುದ್ದಿ ಓದಿ ಅವತ್ತು ನಾನು ಆಫೀಸಿನ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಭಾಷಣ ಮಾಡಿದ್ದೆ. ಮನುಷ್ಯರಾ ಇವರು ಅಂತ. ಭಾಷಣ ಮಾಡೋ ಹೊತ್ತಿಗೆ ನನಗೆ ಯಾವ ಅವಸರವೂ ಇರಲಿಲ್ಲ.

ಈಗ ನನ್ನನ್ನು ನಿಜವಾಗಿ ಕಾಡೋ ಪ್ರಶ್ನೆಗೆ ಬರ್ತೀನಿ. ಆ ಹುಡುಗ ಬದುಕಿದನಾ ಇಲ್ಲವಾ, ನನಗೆ ಗೊತ್ತಿಲ್ಲ. ಬದುಕಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಈಗ ಮತ್ತೆ ಅದೇ ರಸ್ತೆಯಲ್ಲಿ ಬೈಕು ಓಡಿಸ್ತಿದ್ದರೆ, ನಾನು ಮಾಡಿದ್ದು ಸ್ವಲ್ಪ ಸಣ್ಣತನ. ನಾಚಿಕೆಪಟ್ಟು ಮರೆಯಬಹುದಾದದ್ದು. ಆ ಹತ್ತು ನಿಮಿಷದಿಂದಲೇ ಅವನು ಹೋಗಿದ್ದರೆ? ಆಗ ಅದಕ್ಕೆ ಬೇರೆ ಹೆಸರು. ಆದರೆ ಎರಡೂ ಸಂದರ್ಭದಲ್ಲಿ ನಾನು ಮಾಡಿದ್ದು ಒಂದೇ: ಬ್ರೇಕ್ ಒತ್ತಲಿಲ್ಲ. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಅನ್ನೋ ಇಬ್ಬರು ತತ್ತ್ವಶಾಸ್ತ್ರಜ್ಞರು 1976ರಲ್ಲಿ ಈ ವಿಷಯವನ್ನೇ ಎತ್ತಿಕೊಂಡು ಒಬ್ಬೊಬ್ಬರೂ ಒಂದೊಂದು ಪ್ರಬಂಧ ಬರೆದರು. ಬ್ರೇಕ್ ಸರಿಯಾಗಿ ನೋಡಿಸದೆ ಲಾರಿ ಓಡಿಸೋರು ಇಬ್ಬರು ಅಂದುಕೊಳ್ಳಿ. ಒಬ್ಬನ ಮುಂದೆ ಮಗು ಓಡಿ ಬರುತ್ತೆ, ಇನ್ನೊಬ್ಬನ ಮುಂದೆ ಬರಲ್ಲ. ಇಬ್ಬರ ಅಸಡ್ಡೆಯೂ ಒಂದೇ, ಆದರೆ ಒಬ್ಬ ಜೀವನಪೂರ್ತಿ ಕೊಲೆಗಾರನ ಹಾಗೆ ಬದುಕ್ತಾನೆ, ಇನ್ನೊಬ್ಬ ರಾತ್ರಿ ಮನೆಗೆ ಹೋಗಿ ಊಟ ಮಾಡ್ತಾನೆ. ತಪ್ಪಿನ ತೂಕವನ್ನು ಅದೃಷ್ಟ ನಿರ್ಧರಿಸಬಹುದಾ? ಇದು ಅವರ ಪ್ರಶ್ನೆ.

ಅವರ ಇಬ್ಬರು ಡ್ರೈವರುಗಳಿಗೂ ಕೊನೆಗೆ ಏನಾಯ್ತು ಅಂತ ಗೊತ್ತು. ನನಗೆ ಅದೂ ಇಲ್ಲ. ನಾನು ಸಣ್ಣವನಾ, ಅದಕ್ಕಿಂತ ಕೆಟ್ಟವನಾ ಅನ್ನೋದು ಈ ಊರಿನ ಯಾವುದೋ ಆಸ್ಪತ್ರೆಯ ರಿಜಿಸ್ಟರಿನಲ್ಲಿದೆ, ನನಗೆ ಅದನ್ನು ನೋಡೋ ಹಕ್ಕಿಲ್ಲ. ಹೆಂಡತಿ ಹೇಳ್ತಾಳೆ, ಗೊತ್ತಾದರೂ ಏನೂ ಬದಲಾಗಲ್ಲ, ನೀನು ನಿಲ್ಲಿಸಬೇಕಿತ್ತು ಅನ್ನೋದು ಎರಡರಲ್ಲೂ ನಿಜ ಅಂತ. ತರ್ಕದಲ್ಲಿ ಅವಳೇ ಸರಿ. ಆದರೂ ಪ್ಲಾಸ್ಟರ್ ಹಾಕಿದ ಕಾಲನ್ನು ಎಲ್ಲಾದರೂ ಕಂಡರೆ ಮುಖ ನೋಡ್ತೀನಿ. ಮುಖ ನೋಡಿ ಏನು ಪ್ರಯೋಜನ? ಅವತ್ತು ಮುಖ ಕಂಡಿರಲೇ ಇಲ್ಲ, ಕೈ ಮಾತ್ರ ಕಂಡಿತ್ತು.

ವಾಪಸ್ ಬಂದದ್ದರಿಂದ ಏನಾದರೂ ಆಯ್ತಾ ಅನ್ನೋದೂ ಇದೆ. ಹುಡುಗನಿಗೆ ಏನೂ ಆಗಲಿಲ್ಲ. ಒಂದಿಷ್ಟು ಗಾಜು ರಸ್ತೆ ಬದಿಗೆ ಹೋಯ್ತು, ಒಂದು ಚಪ್ಪಲಿ ಸೀಟಿನ ಮೇಲೆ ಬಂತು, ಅಮ್ಮನ ಹರಕೆ ತಪ್ಪಿತು. ಆಫೀಸಿನ ಗೆಳೆಯನೊಬ್ಬನಿಗೆ ಮಾತ್ರ ನಿಜ ಹೇಳಿದ್ದೆ. ಅವನು, "ವಾಪಸ್ ಬಂದದ್ದು ನಿಮ್ಮ ಮನಸ್ಸಿನ ಸಮಾಧಾನಕ್ಕೆ, ಅವನಿಗಲ್ಲ," ಅಂದ. ಇರಬಹುದು. ಆದರೆ ಸಮಾಧಾನ ಬೇಕಿದ್ದರೆ ಮುಳಬಾಗಿಲು ದೋಸೆ ತಿಂದು ತಿರುಪತಿಗೆ ಹೋಗಿ ಹುಂಡಿಗೆ ಐನೂರು ಜಾಸ್ತಿ ಹಾಕಬಹುದಿತ್ತು. ಎಷ್ಟು ಜನ ಹಾಗೆ ಹಾಕಿಲ್ಲ? ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಆ ಟೀ ಮಾರೋನ ಮುಂದೆ. ಹತ್ತು ನಿಮಿಷ ಅನ್ನೋ ಮಾತು ನನ್ನ ಕಿವಿಗೆ ಬಿದ್ದದ್ದು ಅದರಿಂದಲೇ. ಹೋಗದಿದ್ದರೆ ಇವತ್ತಿಗೂ ನಾನು, ಆಟೋದವನು ಇದ್ದನಲ್ಲ ಅಂತಲೇ ಹೇಳ್ತಿದ್ದೆ.

ಮುಡಿಯನ್ನು ಮುಂದಿನ ಫೆಬ್ರವರಿಯಲ್ಲಿ ಕೊಟ್ಟು ಬಂದೆವು. ಆ ಸಲ ಶೀಟ್ ಮಾಡಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಯಾರೂ ಮಾತಾಡಲಿಲ್ಲ, ಅಮ್ಮ ಮಾತ್ರ ಕೈ ಮುಗಿದರು, ಯಾರಿಗೆ ಅಂತ ಗೊತ್ತಾಗಲಿಲ್ಲ.

ಅಪ್ಪ ಭಾನುವಾರ ಸಂಜೆ ಫೋನ್ ಮಾಡ್ತಾರೆ. ಮಳೆ, ಕೊಬ್ಬರಿ ರೇಟು, ಮೊಮ್ಮಗಳ ಸ್ಕೂಲು ಎಲ್ಲಾ ಆದ ಮೇಲೆ, ಇಡೋಕೆ ಮುಂಚೆ ಒಂದೊಂದು ಸಲ ಕೇಳ್ತಾರೆ, "ಆ ಹುಡುಗನ ಸುದ್ದಿ ಏನಾರ ಗೊತ್ತಾಯ್ತೇನೋ?" ಒಂದು ಕೋಟಿಗೂ ಮೀರಿದ ಜನ ಇರೋ ಊರನ್ನು ನಮ್ಮ ಹಳ್ಳಿ ಅಂದುಕೊಂಡಿದ್ದಾರೆ.

"ಇಲ್ಲಪ್ಪ."

"ಆ ಕಡೆ ಹೋದಾಗ ಕೇಳ್ತಿರು," ಅಂತಾರೆ.